ಕ್ಷಮಾವಾಣಿ ಮತ್ತು ಒಳಗಿನ ಶಲ್ಯ

ದಶಲಕ್ಷಣ ಪರ್ವದ ಹತ್ತು ದಿನಗಳ ಅನುಕ್ರಮವನ್ನು ನಮ್ಮ ಪೂರ್ವಿಕರು ಸುಮ್ಮನೆ ಗೊತ್ತುಮಾಡಿದ್ದಲ್ಲ. ಭಾದ್ರಪದ ಶುಕ್ಲ ಪಂಚಮಿಯಂದು ಉತ್ತಮ ಕ್ಷಮೆಯಿಂದ ಮೊದಲಾಗಿ ಅನಂತ ಚತುರ್ದಶಿಯಂದು ಉತ್ತಮ ಬ್ರಹ್ಮಚರ್ಯದೊಡನೆ ಪರ್ವ ಪೂರ್ಣವಾಗುತ್ತದೆ. ಆಮೇಲೆ, ನಮ್ಮ ನಾಡಿನ ಪಂಚಾಂಗದಂತೆ ಭಾದ್ರಪದ ಬಹುಳ ಪಾಡ್ಯದಂದು, ಕ್ಷಮಾವಾಣಿ. ಮೊದಲ ದಿನವೇ ಕ್ಷಮಾಧರ್ಮದ ಪೂಜೆ ಮಾಡಿ, ಪ್ರವಚನ ಕೇಳಿ ಮನೆಗೆ ಬಂದವರು ಕ್ಷಮೆ ಕೇಳುವುದಕ್ಕೆ ಮಾತ್ರ ಪರ್ವ ಮುಗಿಯುವ ತನಕ ಕಾಯುವುದೇಕೆ ಎಂದು ಬಾಲ್ಯದಲ್ಲಿ ನನಗೆ ಸೋಜಿಗವಾಗುತ್ತಿತ್ತು. ಈಗ ಸ್ವಲ್ಪಮಟ್ಟಿಗೆ ಅರ್ಥವಾಗಿದೆ. ಕ್ಷಮೆಯ ಮರುದಿನ ಮಾರ್ದವ, ಅದರ ಮರುದಿನ ಆರ್ಜವ. ಅಹಂಕಾರ ಸಡಿಲವಾಗದೆ, ಕಪಟ ಕಳಚದೆ ಕ್ಷಮೆ ಕೇಳುವ ಬಾಯಿ ತೆರೆಯುವುದಿಲ್ಲ; ತೆರೆದರೂ ಹೊರಡುವುದು ಬರಿಯ ಶಬ್ದ.

ಹಿಂದೆ ಕ್ಷಮಾವಾಣಿಗೆ ಅಂಚೆ ಕಾರ್ಡುಗಳು ಬರುತ್ತಿದ್ದವು. ಅನಂತರ ಅಚ್ಚಾದ ಬಣ್ಣದ ಕಾರ್ಡುಗಳು ಬಂದವು. ಈಗ ಮೊಬೈಲಿನಲ್ಲಿ ಒಂದೇ ಸಂದೇಶ ಇನ್ನೂರು ಜನರಿಗೆ ಕ್ಷಣಮಾತ್ರದಲ್ಲಿ ತಲುಪುತ್ತದೆ. ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದೂರದ ಬಂಧುಗಳ ನೆನಪು ವರ್ಷಕ್ಕೊಮ್ಮೆಯಾದರೂ ಆಗುವುದು ಒಳ್ಳೆಯದೇ. ಆದರೆ ಆ ಇನ್ನೂರು ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿ ನೋಡಬೇಕು. ಅವರಲ್ಲಿ ನೂರ ತೊಂಬತ್ತು ಮಂದಿಗೆ ನಾವು ಯಾವ ಅಪರಾಧವನ್ನೂ ಮಾಡಿರುವುದಿಲ್ಲ. ನಿಜವಾಗಿ ಯಾರ ಮನಸ್ಸನ್ನು ನೋಯಿಸಿದ್ದೇವೆಯೋ, ಯಾರ ಪಾಲನ್ನು ಕಸಿದಿದ್ದೇವೆಯೋ, ಅವರ ಹೆಸರು ಪಟ್ಟಿಯಲ್ಲಿಯೇ ಇರುವುದಿಲ್ಲ. ಬಹಳ ಸಲ ಅವರು ನಮ್ಮ ಸಮಾಜದವರೂ ಆಗಿರುವುದಿಲ್ಲ.

ನಮ್ಮ ಧರ್ಮದಲ್ಲಿ ಕ್ಷಮೆಯ ಪ್ರಶ್ನೆ ಇನ್ನೊಂದು ಕಾರಣದಿಂದಲೂ ಕಠಿನವಾದದ್ದು. ಮೇಲೆ ಕುಳಿತು ನಮ್ಮ ತಪ್ಪನ್ನು ಮನ್ನಿಸುವ ಒಡೆಯನೊಬ್ಬ ನಮಗಿಲ್ಲ. ಸಿದ್ಧರು ದಂಡಿಸುವುದಿಲ್ಲ, ಮನ್ನಿಸುವುದೂ ಇಲ್ಲ, ಅವರು ವೀತರಾಗರು. ಜಿನಬಿಂಬದ ಮುಂದೆ ಕಣ್ಣೀರಿಟ್ಟರೆ ಆ ಕಣ್ಣೀರಿನಿಂದ ನಮ್ಮ ಭಾವ ಶುದ್ಧವಾಗಬಹುದೇ ಹೊರತು ಕರ್ಮದ ಲೆಕ್ಕವನ್ನು ಅಳಿಸಿಹಾಕುವ ಕೈ ಅಲ್ಲಿಂದ ಚಾಚಿ ಬರುವುದಿಲ್ಲ. ನಾವು ನೋಯಿಸಿದ ವ್ಯಕ್ತಿ ‘ಹೋಗಲಿ ಬಿಡಿ’ ಎಂದರೂ ಆ ಮಾತಿನಿಂದ ಅವನ ಕಷಾಯ ತಗ್ಗುತ್ತದೆ. ನಮ್ಮ ಬಂಧ ತಾನಾಗಿ ಕಳಚುವುದಿಲ್ಲ. ಹಾಗಾದರೆ ತಪ್ಪು ಮಾಡಿದವನಿಗೆ ಬಿಡುಗಡೆ ಎಲ್ಲಿಂದ? ಕ್ಷಮೆ ಕೇಳುವುದೇತಕ್ಕೆ?

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ನಾಟಿದ್ದು ನನ್ನ ದೊಡ್ಡಪ್ಪನವರಿಂದ. ಅವರು ಗತಿಸಿ ಈಗ ಹಲವು ವರ್ಷಗಳಾದವು. ತಮ್ಮ ಕಥೆಯನ್ನು ಅವರೇ ಸಭೆಯಲ್ಲಿ ಹೇಳಿದ್ದರಿಂದ ಇಲ್ಲಿ ಬರೆಯುವುದು ಅವರಿಗೆ ಅಪಚಾರವಾಗದೆಂದು ನಂಬಿದ್ದೇನೆ. ಊರಿನ ಹೆಸರು ಬೇಡ.

ಹಳೆಯ ಮೈಸೂರು ಸೀಮೆಯ ಸಣ್ಣ ಊರು. ನಮ್ಮವರ ಮನೆಗಳು ಹದಿನೆಂಟೋ ಇಪ್ಪತ್ತೋ ಇದ್ದವು. ಬಸದಿಯ ಲೆಕ್ಕಪತ್ರ, ಬೆಳ್ಳಿ ಸಾಮಾನು, ತಾಳೆಗರಿಯ ಕಟ್ಟುಗಳಿದ್ದ ಪೆಟ್ಟಿಗೆ, ಎಲ್ಲದರ ಕೀಲಿಕೈ ದೊಡ್ಡಪ್ಪನವರ ಬಳಿ ಇರುತ್ತಿತ್ತು. ಅಂಗಳ ಗುಡಿಸಿ, ಬಾವಿಯಿಂದ ನೀರು ಸೇದಿ, ಹೂವು ತಂದುಕೊಡುವ ಕೆಲಸಕ್ಕೆ ಒಬ್ಬ ಮನುಷ್ಯನಿದ್ದ. ಜೈನನಲ್ಲ, ಅವನ ತಂದೆಯೂ ಅದೇ ಕೆಲಸ ಮಾಡಿಕೊಂಡಿದ್ದವನು. 1958ರ ಭಾದ್ರಪದದಲ್ಲಿ, ಪರ್ವಕ್ಕೆಂದು ಸಾಮಾನು ತೆಗೆದಾಗ ಅಭಿಷೇಕದ ಬೆಳ್ಳಿ ಕಲಶವೊಂದು ಕಾಣಲಿಲ್ಲ. ಹುಡುಕಿದರು, ವಿಚಾರಿಸಿದರು. ಬಸದಿಯ ಒಳಗೂ ಹೊರಗೂ ಓಡಾಡುತ್ತಿದ್ದ ಬಡವ ಅವನೊಬ್ಬನೇ. ಪೊಲೀಸರಿಗೆ ದೂರು ಕೊಡಲಿಲ್ಲ. ಅದನ್ನೇ ಕರುಣೆಯೆಂದು ಹೇಳಿಕೊಂಡರು. ಕಳವಿನ ಕಾರಣದಿಂದ ಕೆಲಸದಿಂದ ಬಿಡಿಸಲಾಗಿದೆ ಎಂದು ಸಮಿತಿಯ ಪುಸ್ತಕದಲ್ಲಿ ಬರೆದರು. ಆ ಮೇಲೆ ಊರಿನಲ್ಲಿ ಅವನಿಗೆ ಯಾರೂ ಕೆಲಸ ಕೊಡಲಿಲ್ಲ. ಎರಡು ಮೂರು ತಿಂಗಳಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ.

ಮುಂದಿನ ವರ್ಷ ಜ್ಯೇಷ್ಠ ಶುಕ್ಲ ಪಂಚಮಿ, ಶ್ರುತಪಂಚಮಿ. ಅಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಕಟ್ಟಿಡುವುದು ರೂಢಿಯಷ್ಟೆ. ಪೆಟ್ಟಿಗೆಯ ಅಡಿಯಲ್ಲಿ, ಹಳೆಯ ಬಟ್ಟೆಯೊಂದರಲ್ಲಿ ಸುತ್ತಿದ ಕಲಶ ಸಿಕ್ಕಿತು. ಹಿಂದಿನ ಶ್ರುತಪಂಚಮಿಯ ದಿನ ಭದ್ರವಾಗಿರಲೆಂದು ಅಲ್ಲಿಟ್ಟವರು ದೊಡ್ಡಪ್ಪನವರೇ. ಇಟ್ಟದ್ದು ಮರೆತುಹೋಗಿತ್ತು. ಮರೆವು ಪಾಪವೆಂದು ನಾನು ಹೇಳಲಾರೆ. ಪಾಪ ಆರಂಭವಾದದ್ದು ಆ ಮೇಲೆ. ಅವರು ಸಮಿತಿಯ ಇಬ್ಬರು ಹಿರಿಯರಿಗೆ ವಿಷಯ ತಿಳಿಸಿದರು. ಮೂವರೂ ಕೂಡಿ ಯೋಚಿಸಿದರು. ಹೋದವನು ಹೋದ, ಎಲ್ಲಿದ್ದಾನೋ ತಿಳಿಯದು, ಈಗ ಎತ್ತಿ ಆಡಿದರೆ ಬಸದಿಗೆ ಕೆಟ್ಟ ಹೆಸರು ಎಂದು ತೀರ್ಮಾನಿಸಿ ಕಲಶವನ್ನು ಉಳಿದ ಸಾಮಾನಿನೊಡನೆ ಸೇರಿಸಿಟ್ಟರು. ಕೇಳಿದವರಿಗೆ ‘ಸಿಕ್ಕಿತು’ ಎಂದಷ್ಟೇ ಹೇಳಿದರು. ಎಲ್ಲಿ ಸಿಕ್ಕಿತೆಂದು ಯಾರೂ ಕೇಳಲಿಲ್ಲ, ಏಕೆಂದರೆ ಊರೇ ಉತ್ತರವನ್ನು ಕಟ್ಟಿಕೊಂಡಿತ್ತು: ಕದ್ದವನು ಹೆದರಿ ತಂದಿಟ್ಟು ಹೋದನಂತೆ! ಹೀಗೆ, ಸಿಕ್ಕಿದ ಕಲಶವೇ ಅವನ ಕಳ್ಳತನಕ್ಕೆ ಸಾಕ್ಷಿಯಾಯಿತು. ಅದನ್ನು ಕೇಳಿಯೂ ಆ ಮೂವರು ಸುಮ್ಮನಿದ್ದರು.

ಅದಾದ ಮೇಲೆ ಇಪ್ಪತ್ತು ವರ್ಷ ದೊಡ್ಡಪ್ಪನವರು ಹೇಗೆ ಬದುಕಿದರೆಂಬುದನ್ನು ನಾನು ಹತ್ತಿರದಿಂದ ಕಂಡವನು, ಕಾರಣ ತಿಳಿಯದೆ ಕಂಡವನು. ಅವರು ತುಪ್ಪ, ಹಾಲು, ಸಿಹಿ ಬಿಟ್ಟರು. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಹಿಡಿದರು. ಊರಿನವರು ಅವರ ರಸತ್ಯಾಗವನ್ನು ಕೊಂಡಾಡುತ್ತಿದ್ದರು. ಹೊರಗಿನಿಂದ ಬಂದ ವಿದ್ವಾಂಸರಿಗೆ ‘ನಮ್ಮ ಊರಿನ ಆದರ್ಶ ಶ್ರಾವಕರು’ ಎಂದು ಪರಿಚಯ ಮಾಡಿಸುತ್ತಿದ್ದರು. ಕೊಂಡಾಡಿದಷ್ಟೂ ಅವರ ಮುಖ ಕಪ್ಪಾಗುತ್ತಿತ್ತು. ಮನೆಯಲ್ಲಿ ಒಂದು ಸೌಟು ಕಾಣದಿದ್ದರೂ ಮೈಮೇಲೆ ಬಂದವರಂತೆ ಕೂಗಾಡುತ್ತಿದ್ದರು. ‘ಯಾರನ್ನೂ ಕೇಳಬೇಡಿ, ಮೊದಲು ಪೆಟ್ಟಿಗೆ ಹುಡುಕಿ’ ಎಂದು ಅವರು ಗದರುತ್ತಿದ್ದುದು ನಮಗೆ ಮಕ್ಕಳಿಗೆ ನಗೆಯ ಮಾತಾಗಿತ್ತು. ದೊಡ್ಡಮ್ಮ ಮಾತ್ರ ನಗುತ್ತಿರಲಿಲ್ಲ. ಆ ಸಿಡುಕಿನ ಭಾರವನ್ನು ಹೊತ್ತವರು ಅವರೇ.

ಇಲ್ಲಿ ಒಂದು ಶಾಸ್ತ್ರವಿಚಾರ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ದುಃಖ, ಶೋಕಗಳ ಜೊತೆಗೆ ‘ತಾಪ’ವನ್ನೂ ಎಣಿಸಲಾಗಿದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ತಾಪವೆಂದರೆ ಅಪವಾದವೇ ಮೊದಲಾದ ನಿಮಿತ್ತಗಳಿಂದ ಕದಡಿದ ಮನಸ್ಸಿನಲ್ಲಿ ಹುಟ್ಟುವ ತೀವ್ರವಾದ ಅನುಶಯವೆಂದು ಅರ್ಥಮಾಡುತ್ತಾರೆ. ನನಗಿದು ಮೊದಲು ಓದಿದಾಗ ಬೆರಗಾಯಿತು. ಪಶ್ಚಾತ್ತಾಪ ಒಳ್ಳೆಯದೆಂದೇ ನಾವು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಮನಸ್ಸನ್ನು ಕದಡಿ ಕುದಿಯುತ್ತಲೇ ಇರುವ ಸಂಕಟ ಹಳೆಯ ಕರ್ಮವನ್ನು ಸುಡುವುದಿರಲಿ, ಹೊಸ ಕರ್ಮವನ್ನು ಬರಮಾಡಿಕೊಳ್ಳುತ್ತದೆ. ಆ ತಾಪ ತನ್ನಲ್ಲಿದ್ದರೂ, ಇನ್ನೊಬ್ಬರಲ್ಲಿ ಹುಟ್ಟಿಸಿದರೂ, ಎರಡು ಕಡೆ ಇದ್ದರೂ ಫಲ ಒಂದೇ ಎಂದು ಸೂತ್ರ ಸ್ಪಷ್ಟಪಡಿಸುತ್ತದೆ. ದೊಡ್ಡಪ್ಪನವರ ತಾಪ ಅವರಲ್ಲಿಯೂ ಇತ್ತು, ದೊಡ್ಡಮ್ಮನವರಲ್ಲಿಯೂ ಇತ್ತು.

ಹಾಗಾದರೆ ಉಪವಾಸ, ಕೇಶಲೋಚಗಳೂ ದುಃಖವನ್ನುಂಟುಮಾಡುವವೇ ಅಲ್ಲವೆ ಎಂಬ ಶಂಕೆಯನ್ನು ಪೂಜ್ಯಪಾದರೇ ಎತ್ತುತ್ತಾರೆ. ಒಳಗೆ ಕ್ರೋಧಾದಿ ಆವೇಶವಿದ್ದು ಆದ ದುಃಖ ಬಂಧಕ್ಕೆ ಕಾರಣ. ಕರುಣೆಯುಳ್ಳ ವೈದ್ಯನು ಕುರುವನ್ನು ಕೊಯ್ಯುವಾಗ ನೋವಾದರೂ ಅವನಿಗೆ ಪಾಪವಿಲ್ಲ ಎಂಬುದು ಅವರ ಸಮಾಧಾನ. ಕುರುವನ್ನು ಕೊಯ್ದು ಕೀವನ್ನು ಹೊರಹಾಕುವುದು ಬೇರೆ, ಅದರ ಮೇಲೆ ದಿನವೂ ಗಂಧ ಬಳಿಯುವುದು ಬೇರೆ. ನಮ್ಮ ದೊಡ್ಡಪ್ಪ ಇಪ್ಪತ್ತು ವರ್ಷ ಗಂಧ ಬಳಿದರು. ವ್ರತಿಯಾದವನು ನಿಃಶಲ್ಯನಾಗಿರಬೇಕು ಎಂಬುದು ಅದೇ ಗ್ರಂಥದ ಏಳನೆಯ ಅಧ್ಯಾಯದ ಮಾತು. ಮಾಯೆ, ಮಿಥ್ಯೆ, ನಿದಾನ ಎಂಬ ಮೂರು ಮುಳ್ಳುಗಳಲ್ಲಿ ಒಂದು ಒಳಗೆ ಮುರಿದುಕೊಂಡಿದ್ದರೂ ಹೊರಗಿನ ತ್ಯಾಗ ವ್ರತವೆನಿಸದು. ಅವರಲ್ಲಿದ್ದದ್ದು ಮಾಯಾಶಲ್ಯ.

ಅವರು ಬಾಯಿ ಬಿಡಲು ಪ್ರಯತ್ನಿಸಲಿಲ್ಲವೆಂದಲ್ಲ. ಊರಿಗೆ ಬಂದ ತ್ಯಾಗಿಗಳನ್ನೂ ಪಂಡಿತರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಒಬ್ಬ ಗೃಹಸ್ಥ, ತಿಳಿಯದೆ ಒಬ್ಬನ ಮೇಲೆ ಅಪವಾದ ಹೊರಿಸಿದನೆನ್ನಿ, ಅವನಿಗೆ ಏನು ಪ್ರಾಯಶ್ಚಿತ್ತ?’ ಇಷ್ಟು ಜಪ, ಇಷ್ಟು ಉಪವಾಸ ಎಂಬ ಉತ್ತರ ಬರುತ್ತಿತ್ತು. ಅವರು ತಪ್ಪದೆ ಅಷ್ಟನ್ನೂ ಮಾಡುತ್ತಿದ್ದರು. ಮುಂದಿನ ವರ್ಷ ಇನ್ನೊಬ್ಬರನ್ನು ಅದೇ ಪ್ರಶ್ನೆ.

ನಮ್ಮ ಆಚಾರ್ಯರು ಮನುಷ್ಯನ ಈ ಉಪಾಯಗಳನ್ನೆಲ್ಲ ಎಷ್ಟು ಚೆನ್ನಾಗಿ ಬಲ್ಲರು! ಭಗವತೀ ಆರಾಧನೆಯಲ್ಲಿ ಆಲೋಚನೆಯ ಹತ್ತು ದೋಷಗಳ ನಿರೂಪಣೆಯಿದೆ. (ಆಲೋಚನೆಯೆಂದರೆ ಇಲ್ಲಿ ಯೋಚನೆಯಲ್ಲ, ಗುರುವಿನ ಮುಂದೆ ತನ್ನ ದೋಷವನ್ನು ನಿವೇದಿಸಿಕೊಳ್ಳುವುದು.) ಕಾಣಿಕೆ ಉಪಚಾರಗಳಿಂದ ಗುರುವಿನ ಮನಸ್ಸನ್ನು ಕರಗಿಸಿಕೊಂಡು ಆಮೇಲೆ ಹೇಳುವುದು ಆಕಂಪಿತ. ‘ನಾನು ದುರ್ಬಲ, ಹೆಚ್ಚು ತಾಳಲಾರೆ’ ಎಂದು ಮೊದಲೇ ಸೂಚಿಸಿ ಹಗುರಾದ ಪ್ರಾಯಶ್ಚಿತ್ತ ಗಿಟ್ಟಿಸುವುದು ಅನುಮಾನಿತ. ಬೇರೆಯವರು ಕಂಡ ತಪ್ಪನ್ನು ಮಾತ್ರ ಹೇಳಿ ಕಾಣದ್ದನ್ನು ನುಂಗಿಕೊಳ್ಳುವುದು ಇನ್ನೊಂದು. ಸಣ್ಣ ತಪ್ಪುಗಳನ್ನೇ ವಿಸ್ತಾರವಾಗಿ ಹೇಳಿ, ಇಷ್ಟು ಸಣ್ಣದನ್ನೂ ಹೇಳುವವನು ದೊಡ್ಡದನ್ನು ಮುಚ್ಚಿಟ್ಟಾನೆಯೇ ಎಂಬ ಭ್ರಮೆ ಹುಟ್ಟಿಸುವುದು ಮತ್ತೊಂದು. ಇದು ಈಗಲೂ ಬಹಳ ಪ್ರಚಾರದಲ್ಲಿದೆ. ‘ಇಂಥ ತಪ್ಪಿಗೆ ಏನು ಪ್ರಾಯಶ್ಚಿತ್ತ’ ಎಂದು ಬೇರೊಬ್ಬನದೆಂಬಂತೆ ಮರೆಯಾಗಿ ಕೇಳುವುದಕ್ಕೆ ಛನ್ನವೆಂದು ಹೆಸರು. ದೊಡ್ಡಪ್ಪನವರದು ಅದೇ. ಹಲವರು ಗಟ್ಟಿಯಾಗಿ ಪ್ರತಿಕ್ರಮಣ ಪಾಠ ಹೇಳುವ ಗದ್ದಲದ ನಡುವೆ ತನ್ನದನ್ನೂ ಗೊಣಗಿಬಿಡುವುದು ಶಬ್ದಾಕುಲಿತ. ನಮ್ಮ ಕ್ಷಮಾವಾಣಿಯ ಸಾಮೂಹಿಕ ಸಂದೇಶಗಳು ಈ ಕೊನೆಯ ಜಾತಿಗೆ ಸೇರುತ್ತವೆಯೋ ಏನೋ, ಬಲ್ಲವರು ಹೇಳಬೇಕು.

1979ರ ಚಾತುರ್ಮಾಸದಲ್ಲಿ ಸಮೀಪದ ಊರಿನಲ್ಲಿ ಮುನಿಮಹಾರಾಜರೊಬ್ಬರು ತಂಗಿದ್ದರು. ದೊಡ್ಡಪ್ಪ ತಮ್ಮ ಅಭ್ಯಾಸದಂತೆ ಅವರನ್ನೂ ಕೇಳಿದರು. ಮಹಾರಾಜರು ಉತ್ತರಿಸದೆ ಸ್ವಲ್ಪ ಹೊತ್ತು ಅವರನ್ನೇ ನೋಡಿದರಂತೆ. ಆಮೇಲೆ ‘ಆ ಗೃಹಸ್ಥ ಇಲ್ಲಿಗೆ ಬಂದಾಗ ಹೇಳೋಣ’ ಎಂದರಂತೆ. ದೊಡ್ಡಪ್ಪ ಊಟ ಮಾಡದೆ ಅಲ್ಲಿಯೇ ಉಳಿದು, ಸಂಜೆ ಏಕಾಂತದಲ್ಲಿ ಆದದ್ದನ್ನೆಲ್ಲ ಆದಂತೆಯೇ ಹೇಳಿದರು. ಮಹಾರಾಜರು ಕೆಲವು ಉಪವಾಸಗಳನ್ನು ವಿಧಿಸಿದರು. ಅದರ ಜೊತೆಗೆ ಒಂದು ಪ್ರಶ್ನೆ ಹಾಕಿದರು: ‘ಅವನ ಹೆಸರಿಗೆ ಮಸಿ ಬಳಿದದ್ದು ಎಲ್ಲಿ? ನನ್ನ ಹತ್ತಿರ ಅಲ್ಲವಲ್ಲ?’

ಊರು ಬಿಟ್ಟವನ ವಿಳಾಸ ಹುಡುಕಲು ಒಂದೂವರೆ ತಿಂಗಳು ಹಿಡಿಯಿತು. ಆಗ ನಾನು ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದೆ. ಒಂದು ಭಾನುವಾರ ‘ನನ್ನ ಜೊತೆ ಬಾ, ಒಬ್ಬನೇ ಹೋಗುವ ಧೈರ್ಯವಿಲ್ಲ’ ಎಂದು ಕರೆದರು. ಬಸ್ಸಿನಲ್ಲಿ ಕಥೆಯನ್ನು ಹೇಳಿದರು. ಆ ಮನುಷ್ಯ ತೀರಿಕೊಂಡು ಆರು ವರ್ಷವಾಗಿತ್ತು. ಅವನ ಮಗ ಪಟ್ಟಣದ ಬಸ್ ನಿಲ್ದಾಣದ ಹಿಂದೆ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಪಂಕ್ಚರ್ ಹಾಕುತ್ತಿದ್ದವನು ಎದ್ದು ಬಂದು, ವೃದ್ಧರೆಂದು ಸ್ಟೂಲು ಕೊಟ್ಟ. ದೊಡ್ಡಪ್ಪ ಕೂರಲಿಲ್ಲ. ನಿಂತುಕೊಂಡೇ ಹೇಳಿ ಮುಗಿಸಿ, ಕೈ ಜೋಡಿಸಿ, ‘ನಿಮ್ಮ ತಂದೆ ಕಳ್ಳನಲ್ಲ. ನನ್ನನ್ನು ಕ್ಷಮಿಸಪ್ಪ’ ಎಂದರು.

ಆತ ಬಹಳ ಹೊತ್ತು ಮಾತಾಡಲಿಲ್ಲ. ಕೈಗೆ ಅಂಟಿದ್ದ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ನಿಂತಿದ್ದ. ಆಮೇಲೆ ಹೇಳಿದ: ‘ಯಜಮಾನ್ರೇ, ಅಪ್ಪ ಇದ್ದಿದ್ರೆ ಏನು ಹೇಳ್ತಿದ್ನೋ ನಂಗೆ ಗೊತ್ತಿಲ್ಲ. ಅವನ ಬಾಯಲ್ಲಿ ಬರಬೇಕಾದ ಮಾತನ್ನ ನಾನು ಹೇಗೆ ಆಡ್ಲಿ? ಸಾಯೋವರೆಗೂ ಅವನು ಯಾವ ಗುಡಿ ಬಾಗಿಲಿಗೂ ಹೋಗ್ಲಿಲ್ಲ.’ ದೊಡ್ಡಪ್ಪ ತಲೆ ತಗ್ಗಿಸಿದರು. ನಾವು ಹೊರಡುವ ಹೊತ್ತಿಗೆ ಆತ ಒಂದೇ ಒಂದು ಪ್ರಶ್ನೆ ಕೇಳಿದ: ‘ಊರಲ್ಲಿ ಅಪ್ಪನ್ನ ಇನ್ನೂ ಕಳ್ಳ ಅಂತಾರಾ?’

ಮುನಿಮಹಾರಾಜರ ಪ್ರಶ್ನೆಯೂ ಇವನ ಪ್ರಶ್ನೆಯೂ ಒಂದೇ ಎಂದು ನನಗೆ ಆಗ ಹೊಳೆಯಲಿಲ್ಲ. ದೊಡ್ಡಪ್ಪನವರಿಗೆ ಹೊಳೆದಿತ್ತು. ಆ ವರ್ಷದ ಕ್ಷಮಾವಾಣಿಗೆ ಇನ್ನು ಹತ್ತು ದಿನ ಮಾತ್ರ ಉಳಿದಿತ್ತು. ಅವರು ಸಮಿತಿಯನ್ನು ಕೂಡಿಸಿ ವಿಷಯ ಮುಂದಿಟ್ಟರು. ವಿರೋಧ ಬಂದಿತು. ಹಿಂದಿನ ಆ ಇಬ್ಬರು ಹಿರಿಯರಲ್ಲಿ ಒಬ್ಬರು ತೀರಿಕೊಂಡಿದ್ದರು. ಸತ್ತವರ ಮಾನವನ್ನು ಈಗ ಕಳೆಯುವುದೇಕೆಂದರು ಕೆಲವರು. ಬಸದಿಯ ಘನತೆಗೆ ಕುಂದು ಎಂದರು ಕೆಲವರು. ‘ಕಾಣೆಯಾಗಿದ್ದ ಕಲಶ ದೊರೆತಿದೆ’ ಎಂದಷ್ಟೇ ಬರೆದರೆ ಸಾಲದೆ ಎಂದು ರಾಜಿ ಸೂಚಿಸಿದವರೂ ಇದ್ದರು. ದೊಡ್ಡಪ್ಪ ಒಪ್ಪಲಿಲ್ಲ. ಹಳೆಯ ನಿರ್ಣಯದಲ್ಲಿ ಅವನ ಹೆಸರಿದೆ, ಹೊಸದರಲ್ಲಿಯೂ ಅವನ ಹೆಸರಿರಬೇಕು, ನನ್ನ ಹೆಸರೂ ಇರಬೇಕು ಎಂದು ಹಟ ಹಿಡಿದರು. ಕೊನೆಗೆ ಹಾಗೆಯೇ ಆಯಿತು. ಹಳೆಯ ಪುಟದ ಸಂಖ್ಯೆಯನ್ನು ನಮೂದಿಸಿ, ಆ ಆರೋಪ ಸುಳ್ಳೆಂದೂ ಕಲಶ ಭಂಡಾರದ ಪೆಟ್ಟಿಗೆಯಲ್ಲಿಯೇ ಇತ್ತೆಂದೂ ತಿಳಿದಮೇಲೆಯೂ ಮುಚ್ಚಿಡಲಾಯಿತೆಂದೂ ಬರೆಸಿ ಸಹಿ ಮಾಡಿದರು. ತೀರಿಕೊಂಡವರ ಹೆಸರನ್ನು ಮಾತ್ರ ತಾವಾಗಿಯೇ ಬಿಟ್ಟರು. ಅವರ ಆಲೋಚನೆ ಅವರು ಮಾಡಬೇಕಿತ್ತು, ನಾನಲ್ಲ ಎಂದರು. ಕ್ಷಮಾವಾಣಿಯ ಸಭೆಯಲ್ಲಿ ಎದ್ದುನಿಂತು, ಊರಿನ ಇತರ ಜನರನ್ನೂ ಕರೆಸಿಕೊಂಡು, ಎಲ್ಲವನ್ನೂ ಹೇಳಿದರು. ತುಪ್ಪ ಬಿಟ್ಟದ್ದು ಏಕೆಂಬುದನ್ನೂ ಹೇಳಿದರು. ನಿರ್ಣಯದ ಪ್ರತಿಯನ್ನು ಸೈಕಲ್ ಅಂಗಡಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದರು.

ಉತ್ತರ ಬರಲಿಲ್ಲ. ಎರಡು ವರ್ಷಗಳ ನಂತರ ಆತ ಒಮ್ಮೆ ಊರಿಗೆ ಬಂದು ಮೂಲ ಪುಸ್ತಕವನ್ನೇ ನೋಡಬೇಕೆಂದು ಕೇಳಿದ. ತೋರಿಸಿದೆವು. ಎರಡು ಪುಟಗಳನ್ನೂ ಓದಿ, ತಂದೆಯ ಹೆಸರಿನ ಮೇಲೆ ಬೆರಳಿಟ್ಟು ನೋಡಿ, ಪುಸ್ತಕವನ್ನು ಹಿಂತಿರುಗಿಸಿ ಮಧ್ಯಾಹ್ನದ ಬಸ್ಸಿಗೆ ಹೋದ. ಕ್ಷಮಿಸಿದೆನೆಂದು ಅವನು ಅಂದೂ ಹೇಳಲಿಲ್ಲ.

ಈ ಮೌನದ ವಿಷಯದಲ್ಲಿ ನಮ್ಮ ಕೆಲವು ಬಂಧುಗಳು ಆಡಿದ ಮಾತು ನನಗೆ ಇಂದಿಗೂ ಸರಿಕಾಣುವುದಿಲ್ಲ. ಇಷ್ಟು ದೊಡ್ಡವರು ಬಂದು ಕೈ ಮುಗಿದರೂ ಕರಗದ ಕಲ್ಲುಮನಸ್ಸು ಎಂದರು. ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಕಷಾಯದ ವಾಸನೆ ಉಳಿಯುವ ಕಾಲವನ್ನು ಹೇಳಿದ್ದಾರೆ. ಸಂಜ್ವಲನವಾದರೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣವಾದರೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣವಾದರೆ ಆರು ತಿಂಗಳು. ಅದನ್ನೂ ಮೀರಿ ಭವಭವಾಂತರಗಳಿಗೆ ಹಬ್ಬುವುದು ಅನಂತಾನುಬಂಧಿ. ಇದನ್ನು ಉದಾಹರಿಸಿ ಆ ಮಗನ ಕೋಪ ಯಾವ ಜಾತಿಯದೆಂದು ಲೆಕ್ಕ ಹಾಕಿದ ಪಂಡಿತರೊಬ್ಬರಿದ್ದರು! ಆ ಅಳತೆಗೋಲನ್ನು ಆಚಾರ್ಯರು ಕೊಟ್ಟಿರುವುದು ನನ್ನ ಕೋಪವನ್ನು ನಾನು ಅಳೆದುಕೊಳ್ಳಲು. ನಾನೇ ನೋಯಿಸಿದವನ ಎದೆಗೆ ಅದನ್ನು ಹಿಡಿಯುವ ಅಧಿಕಾರ ನನಗೆಲ್ಲಿಂದ ಬಂತು? ಕ್ಷಮಿಸುವುದು ಅವನ ನಿರ್ಜರೆ. ಅದನ್ನು ಸಾಲದಂತೆ ವಸೂಲು ಮಾಡಲು ಹೋದರೆ ಕೇಳಿದ ಕ್ಷಮೆಯೇ ಕೆಟ್ಟುಹೋಗುತ್ತದೆ. (ಆ ಅಳತೆಗೋಲಿನಿಂದ ನಮ್ಮನ್ನು ಅಳೆದುಕೊಂಡರೆ ವರ್ಷಕ್ಕೊಂದು ಕ್ಷಮಾವಾಣಿ ಸಾಲದು, ಆರು ತಿಂಗಳಿಗೇ ಗಡುವು ಮುಗಿದಿರುತ್ತದೆ. ಪಾಕ್ಷಿಕ ಪ್ರತಿಕ್ರಮಣ ಏಕಿದೆಯೆಂಬುದು ಆಗ ತಿಳಿಯುತ್ತದೆ.)

ನೊಂದವನೇ ಬಂದು ಹಗುರಮಾಡುವ ಭಾಗ್ಯ ಕೆಲವರಿಗಿದೆ. ಬಾಹುಬಲಿಸ್ವಾಮಿಯ ಕಥೆ ನಮಗೆಲ್ಲ ಗೊತ್ತಿದೆ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ ಕೇವಲಜ್ಞಾನ ಏಕೆ ತಡವಾಯಿತು? ಭರತನ ನೆಲದ ಮೇಲೆ ನಿಂತಿದ್ದೇನೆಂಬ ಮಾನಕಷಾಯದಿಂದ ಎಂದು ಪ್ರವಚನಗಳಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿರುವ ಕಾರಣ ಬೇರೆ, ಅದು ನನಗೆ ಹೆಚ್ಚು ಆಪ್ತ. ನನ್ನಿಂದ ಭರತನಿಗೆ ಸಂಕ್ಲೇಶವಾಯಿತಲ್ಲ ಎಂಬ ಸ್ನೇಹದ ಎಳೆಯೊಂದು ಆ ಮಹಾತ್ಮನ ಹೃದಯದಲ್ಲಿ ಉಳಿದಿತ್ತು. ಭರತನು ಬಂದು ಪೂಜಿಸಲೆಂದೇ ಕೇವಲಜ್ಞಾನ ಕಾದಿತ್ತು. ಶ್ರವಣಬೆಳಗೊಳದ ಬೆಟ್ಟವೇರಿ ಆ ಪ್ರಶಾಂತ ಮುಖವನ್ನು ನೋಡುವಾಗಲೆಲ್ಲ, ಗೆದ್ದವನ ಎದೆಯಲ್ಲಿಯೂ ಸೋತವನ ನೋವು ಇಷ್ಟು ದಿನ ಉಳಿದೀತೇ ಎಂದುಕೊಳ್ಳುತ್ತೇನೆ.

ಆದರೆ ಎಲ್ಲರಿಗೂ ಭರತ ಬರುವುದಿಲ್ಲ. ದೊಡ್ಡಪ್ಪನವರಿಗೆ ಬರಲಿಲ್ಲ. ಅವರಿಗೆ ಬಿಡುಗಡೆ ಆಯಿತೆ? ನಾನು ಕಂಡದ್ದನ್ನಷ್ಟೇ ಹೇಳಬಲ್ಲೆ. ಮನೆಯಲ್ಲಿ ಕೂಗಾಟ ನಿಂತಿತು. ಸೌಟು ಕಳೆದರೆ ‘ಸಿಗುತ್ತೆ ಬಿಡಿ’ ಎನ್ನುತ್ತಿದ್ದರು. ರಸತ್ಯಾಗವನ್ನು ಮುಂದುವರಿಸಿದರು, ಆದರೆ ಯಾರಾದರೂ ಹೊಗಳಲು ಬಾಯಿ ತೆರೆದರೆ ತಡೆದುಬಿಡುತ್ತಿದ್ದರು. ಆ ಮನುಷ್ಯನ ಮಾತು ಬಂದಾಗ ಕಣ್ಣು ತುಂಬಿಕೊಳ್ಳುತ್ತಿದ್ದವು; ಮುಖ ಮಾತ್ರ ಹಿಂದಿನಂತೆ ಕಪ್ಪಾಗುತ್ತಿರಲಿಲ್ಲ. ದುಃಖ ಉಳಿದಿತ್ತು, ಮುಳ್ಳು ಹೊರಬಿದ್ದಿತ್ತು. ಕಟ್ಟಿದ ಕರ್ಮ ಕಟ್ಟಿದಂತೆಯೇ ಫಲಕೊಡಬೇಕೆಂಬ ನಿಯಮವೂ ನಮ್ಮಲ್ಲಿಲ್ಲ. ಕರ್ಮಕಾಂಡದಲ್ಲಿ ಹೇಳುವ ಹತ್ತು ಕರಣಗಳಲ್ಲಿ ಅಪಕರ್ಷಣವೂ ಒಂದು: ವಿಶುದ್ಧ ಪರಿಣಾಮದಿಂದ ಕಟ್ಟಿದ ಕರ್ಮದ ಸ್ಥಿತಿಯೂ ಅನುಭಾಗವೂ ಕುಗ್ಗುತ್ತವೆ. ನಿಕಾಚಿತವಾದದ್ದು ಮಾತ್ರ ಅಲ್ಲಾಡದು. ಯಾವುದು ಕುಗ್ಗಿತು, ಯಾವುದು ಉಳಿಯಿತು ಎಂಬುದನ್ನು ಕೇವಲಿಗಳೇ ಬಲ್ಲರು. ಅದರ ಲೆಕ್ಕ ತಿಳಿಯದಿದ್ದರೂ ಮಾಡಬೇಕಾದ ಕೆಲಸ ನಮಗೆ ತಿಳಿದೇ ಇದೆ.

ಉತ್ತರ ಬಾರದ ಕ್ಷಮೆ ವ್ಯರ್ಥವೆಂದು ಭಾವಿಸುವವರು ದಿನನಿತ್ಯದ ಪ್ರತಿಕ್ರಮಣವನ್ನು ನೆನೆಯಬೇಕು. ನಡೆದಾಡುವಾಗ, ನೀರು ಬಳಸುವಾಗ, ದೀಪ ಹಚ್ಚುವಾಗ ಬಾಧೆಗೊಳಗಾದ ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ, ವನಸ್ಪತಿಕಾಯ ಜೀವಗಳಲ್ಲಿ ನಾವು ಕ್ಷಮೆ ಬೇಡುತ್ತೇವೆ. ಅವು ಎಂದಾದರೂ ಆಗಲಿ ಎಂದು ಉತ್ತರಿಸಿದ್ದುಂಟೆ? ಕಿವಿಯೂ ಬಾಯಿಯೂ ಇಲ್ಲದ ಏಕೇಂದ್ರಿಯಗಳ ಮುಂದೆ ದಿನವೂ ಬಾಗುವವರಿಗೆ, ಕಿವಿ ಬಾಯಿಗಳೆರಡೂ ಇರುವ ಮನುಷ್ಯನ ಅಂಗಡಿಯ ಮುಂದೆ ನಿಲ್ಲುವುದು ಮಾತ್ರ ಅಷ್ಟು ಕಷ್ಟ. ಅವನು ಉತ್ತರ ಕೊಡಬಲ್ಲನೆಂಬುದೇ ಭಯ.

ದೊಡ್ಡಪ್ಪ 1986ರಲ್ಲಿ ತೀರಿಕೊಂಡರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಂತ್ಯಕಾಲಕ್ಕೆ ಹೇಳಿರುವ ಕ್ರಮದಂತೆ, ಪ್ರಜ್ಞೆ ಇರುವಾಗಲೇ ಬಂಧುಗಳನ್ನೂ ಪರಿಜನರನ್ನೂ ಕರೆದು ಕ್ಷಮಿಸಿ, ಕ್ಷಮೆ ಕೇಳಿದರು. ದೊಡ್ಡಮ್ಮನವರನ್ನು ಮೊದಲು ಕೇಳಿದರು. ‘ಇಪ್ಪತ್ತು ವರ್ಷ ಯಾಕೆ ಬೈತಿದ್ರಿ ಅಂತ ಒಂದು ಮಾತು ಹೇಳಿದ್ರೆ ನಾನೂ ಜೊತೆಗಿರ್ತಿದ್ದೆ’ ಎಂದರು ದೊಡ್ಡಮ್ಮ. ಅವರ ಬಾಯಿಂದ ಬಂದ ಆಕ್ಷೇಪಣೆ ಅದೊಂದೇ.

ಮುಂದೆ ಕೆಲವು ಕಾಲ ನಾನೂ ಬಸದಿಯ ಸಮಿತಿಯಲ್ಲಿದ್ದೆ. ಕ್ಷಮಾವಾಣಿಗೆ ಮುಂಚಿನ ಸಭೆಯಲ್ಲಿ ಒಂದು ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸುವ ಪದ್ಧತಿ ಅಲ್ಲಿ ಬೆಳೆದುಬಂದಿದೆ: ಈ ವರ್ಷ ಬಸದಿಯ ಹೆಸರಿನಲ್ಲಿ ಯಾರನ್ನಾದರೂ ಕೆಲಸದಿಂದ ಬಿಡಿಸಿದ್ದೇವೆಯೆ, ಯಾರ ಮೇಲಾದರೂ ಅನುಮಾನದ ಮಾತು ಆಡಿದ್ದೇವೆಯೆ, ಯಾರಿಗಾದರೂ ಕೊಡುವುದು ಉಳಿದಿದೆಯೆ? ಸಭೆ ಉದ್ದವಾಗುತ್ತದೆಂದು ಕಾರ್ಯದರ್ಶಿಗಳು ಪ್ರತಿವರ್ಷವೂ ಗೊಣಗುತ್ತಾರೆ. ಹೆಚ್ಚಿನ ವರ್ಷಗಳಲ್ಲಿ ‘ಏನೂ ಇಲ್ಲ’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ಒಂದು ವರ್ಷ, ಪರ್ವದ ಅಡುಗೆಗೆ ಬಂದಿದ್ದ ಹೆಂಗಸೊಬ್ಬರಿಗೆ ಹಿಂದಿನ ಸಲದ ಕೂಲಿಯಲ್ಲಿ ಅರ್ಧ ಉಳಿದಿದ್ದದ್ದು ಹೀಗೆ ತಿಳಿಯಿತು. ಅಂದು ಸಂಜೆಯೇ ಇಬ್ಬರು ಅವರ ಮನೆಗೆ ಹೋಗಿ ಹಣ ಕೊಟ್ಟು, ತಡವಾದದ್ದಕ್ಕೆ ಕೈ ಮುಗಿದು ಬಂದರು.